ಅಡಿಯಿಂದ ಮುಡಿಯವರೆಗೆ ಫ್ರೆಡ್ ಅಸ್ಟೇರ್

ಅಮೆರಿಕದ ನರ್ತಕ, ನಟ ಫ್ರೆಡ್ ಅಸ್ಟೇರ್ ಹಾಡಿ ಕುಣಿದ ಕಥಾಚಿತ್ರಗಳು ಒಟ್ಟು 31. ಮೊದಲನೆಯದು 1933ರದ್ದು, ಕೊನೆಯದು 1968ರದ್ದು. ಎಲ್ಲವೂ ಒಂದೇ ತೂಕದವಲ್ಲ. ಬರೀ ಕಥೆಯನ್ನು ನೆಚ್ಚಿಕೊಂಡು ಕೂತವರು ಮೂರನೆಯ ಚಿತ್ರಕ್ಕೇ ಬೇಸತ್ತು ಎದ್ದುಬಿಡಬಹುದು. ಹುಡುಗ ಹುಡುಗಿಯನ್ನು ಕಂಡು ಮರುಳಾಗುತ್ತಾನೆ, ಆಕೆ ಅವನನ್ನು ಬೇರೆ ಯಾರೋ ಎಂದುಕೊಂಡು ಮುನಿಯುತ್ತಾಳೆ, ಕೊನೆಗೆ ಎಲ್ಲ ತಿಳಿಯಾಗುತ್ತದೆ. ಅರ್ಧಕ್ಕರ್ಧ ಚಿತ್ರಗಳದ್ದು ಇದೇ ಕಥೆ. ಆದರೆ ಅವೇ ಚಿತ್ರಗಳಲ್ಲಿ ಮೂರು ಮೂರು ನಿಮಿಷದ ಕುಣಿತಗಳಿವೆ. ಸಿನಿಮಾ ಎಂಬ ಮಾಧ್ಯಮ ನೃತ್ಯವನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟದ್ದು ಬೇರೆ ಕಡೆ ಅಪರೂಪ. ಆ ಕುಣಿತಗಳನ್ನು ಯಾವುದರಿಂದ ಶುರುಮಾಡಬೇಕು, ನೋಡುವಾಗ ಕಣ್ಣು ಎಲ್ಲಿರಬೇಕು, ಯಾವ ಪ್ರತಿಯನ್ನು ಕೈಬಿಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಅಸ್ಟೇರ್‌ನದು ಒಂದೇ ಪಟ್ಟು. ಕುಣಿಯುವವರ ದೇಹ ಅಡಿಯಿಂದ ಮುಡಿಯವರೆಗೆ ಚೌಕಟ್ಟಿನೊಳಗೆ ಇರಬೇಕು, ನಡುವೆ ಕತ್ತರಿ ಆದಷ್ಟು ಬೀಳಬಾರದು. ಆತ ಹಾಲಿವುಡ್‌ಗೆ ಬಂದಾಗ ಅಲ್ಲಿನ ರೂಢಿ ಬೇರೆಯೇ ಇತ್ತು. ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿಯ ಚಿತ್ರಗಳಲ್ಲಿ ಕ್ಯಾಮೆರಾ ನೆತ್ತಿಯ ಮೇಲೆ ನಿಂತು ಹತ್ತಾರು ಹುಡುಗಿಯರನ್ನು ಹೂವಿನ ಎಸಳುಗಳಂತೆ ಜೋಡಿಸುತ್ತಿತ್ತು. ಅಲ್ಲಿ ನಿಜಕ್ಕೂ ಕುಣಿಯುತ್ತಿದ್ದುದು ಕ್ಯಾಮೆರಾ. ಉಳಿದವರು ಕುಣಿತದ ನಡುವೆ ಒಮ್ಮೆ ಮುಖ, ಒಮ್ಮೆ ಪಾದ, ಒಮ್ಮೆ ಚಪ್ಪಾಳೆ ತಟ್ಟುವ ಸಭಿಕರು ಎಂದು ತುಂಡು ತುಂಡಾಗಿ ತೋರಿಸುತ್ತಿದ್ದರು. ಪಾದವನ್ನಷ್ಟೇ ತೋರಿಸಿದರೆ ಅದು ಯಾರ ಪಾದವಾದರೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಹೆಗಲು ಎತ್ತ ವಾಲಿದ್ದಕ್ಕೆ ಕಾಲು ಅತ್ತ ಹೋಯಿತು ಎಂಬ ಸಂಬಂಧವೇ ಕಡಿದುಹೋಗುತ್ತದೆ. ಆರ್‌ಕೆಒ ಸ್ಟುಡಿಯೋದಲ್ಲಿ ಈತನ ಕುಣಿತಕ್ಕೆಂದೇ ನೆಲಕ್ಕೆ ಹತ್ತಿರವಾಗಿ ಕ್ಯಾಮೆರಾ ಕೂರಿಸಿದ ಗಾಲಿಬಂಡಿಯನ್ನು ಬಳಸುತ್ತಿದ್ದರು, ಅದಕ್ಕೆ ‘ಅಸ್ಟೇರ್ ಡಾಲಿ’ ಎಂದೇ ಹೆಸರು. ಜೋಡಿ ಎತ್ತ ಸರಿದರೂ ಬಂಡಿ ಅದೇ ವೇಗದಲ್ಲಿ, ಅದೇ ದೂರ ಕಾಯ್ದುಕೊಂಡು ಸರಿಯುತ್ತದೆ. ಚೆನ್ನಾಗಿ ಕೆಲಸ ಮಾಡಿದಾಗ ಕ್ಯಾಮೆರಾ ಚಲಿಸಿತೆಂಬುದೇ ನೋಡುವವರ ಗಮನಕ್ಕೆ ಬರುವುದಿಲ್ಲ.

ಈ ಹಟಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮೂರನೆಯ ನಿಮಿಷದಲ್ಲಿ ಒಂದು ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿನಿಂದ. ಹೀಗಾಗಿ ಚಿತ್ರೀಕರಣಕ್ಕೆ ವಾರಗಟ್ಟಲೆ ಮೊದಲೇ ಅಸ್ಟೇರ್, ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್ ಮತ್ತು ಪಿಯಾನೋ ವಾದಕ ಹಾಲ್ ಬೋರ್ನ್ ಖಾಲಿ ಕೋಣೆಯಲ್ಲಿ ಅಭ್ಯಾಸಕ್ಕೆ ಇಳಿಯುತ್ತಿದ್ದರು. ಜೊತೆಗಾತಿ ಜಿಂಜರ್ ರಾಜರ್ಸ್ ಬೇರೆ ಚಿತ್ರದ ಕೆಲಸದಲ್ಲಿದ್ದರೆ ಪ್ಯಾನ್ ಆಕೆಯ ಪಾಲಿನ ಹೆಜ್ಜೆಗಳನ್ನು ತಾನೇ ಕುಣಿದು, ಆಕೆ ಬಂದ ಮೇಲೆ ಕಲಿಸುತ್ತಿದ್ದ.

ಶಬ್ದದ ಬಗ್ಗೆಯೂ ತಿಳಿದಿರಬೇಕು. ಹಾಡನ್ನು ಮೊದಲೇ ಧ್ವನಿಮುದ್ರಿಸಿ ಸೆಟ್ಟಿನಲ್ಲಿ ಹಾಕಿ ಕುಣಿಯುವುದು ನಮ್ಮ ಚಿತ್ರರಂಗಕ್ಕೂ ಗೊತ್ತಿರುವ ಪ್ಲೇಬ್ಯಾಕ್ ಪದ್ಧತಿ. ಆದರೆ ಟ್ಯಾಪ್ ನೃತ್ಯದಲ್ಲಿ ಬೂಟಿನ ಸದ್ದು ನಮ್ಮ ಗೆಜ್ಜೆಯ ಸದ್ದಿನಂತೆ ಸಂಗೀತದ್ದೇ ಭಾಗ. ಸೆಟ್ಟಿನಲ್ಲಿ ಹಾಡು ಮೊಳಗುತ್ತಿರುವಾಗ ಅದನ್ನು ಶುದ್ಧವಾಗಿ ಹಿಡಿಯಲಾಗದು. ಅದಕ್ಕೇ ಚಿತ್ರೀಕರಣ ಮುಗಿದ ಮೇಲೆ ಧ್ವನಿಮುದ್ರಣ ಕೋಣೆಯಲ್ಲಿ ಪರದೆ ನೋಡುತ್ತ ಮತ್ತೆ ಅದೇ ಹೆಜ್ಜೆ ಹಾಕಿ ಸದ್ದು ಕೂಡಿಸುತ್ತಿದ್ದರು. ಅಸ್ಟೇರ್ ತನ್ನ ಹೆಜ್ಜೆಗಳಿಗೆ ತಾನೇ ಸದ್ದು ಕೊಡುತ್ತಿದ್ದ. ರಾಜರ್ಸ್‌ಳ ಕಾಲಿನ ಸದ್ದು ಅನೇಕ ಕಡೆ ಪ್ಯಾನ್‌ನದು. ‘ರಾಬರ್ಟಾ’ (1935) ಚಿತ್ರದ ‘ಐ’ಲ್ ಬಿ ಹಾರ್ಡ್ ಟು ಹ್ಯಾಂಡಲ್’ ಇದಕ್ಕೆ ಅಪವಾದ. ಮರದ ನೆಲದ ಮೇಲೆ, ಸೆಟ್ಟಿನಲ್ಲೇ ಹಿಡಿದ ಸದ್ದು ಅದು. ನಡುನಡುವೆ ರಾಜರ್ಸ್ ನಗುವುದೂ ಕೇಳುತ್ತದೆ. ಆ ಚಿತ್ರದಲ್ಲಿ ಬೇರೇನೂ ನೋಡದಿದ್ದರೂ ಇದೊಂದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಚಿತ್ರಕ್ಕೆ ಕೂರುವ ಮೊದಲು ಟಿವಿಯನ್ನು ಸರಿಮಾಡಿಕೊಳ್ಳಿ. 1950ರ ದಶಕದ ಆರಂಭದವರೆಗಿನ ಈ ಚಿತ್ರಗಳ ಚೌಕಟ್ಟು 1.37:1. ಈಗಿನ ಟಿವಿ 1.78:1. ಎರಡೂ ಬದಿಯ ಕಪ್ಪು ಪಟ್ಟಿ ಕಿರಿಕಿರಿ ಎಂದು ಜೂಮ್ ಮಾಡಿದರೆ ಚಿತ್ರದ ಎತ್ತರದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ. ಅದರಲ್ಲಿ ಅರ್ಧ ಕೆಳಗಿನಿಂದ, ಅಂದರೆ ನೇರವಾಗಿ ಪಾದಗಳಿಗೇ ಕುತ್ತು. ‘ಸ್ಟ್ರೆಚ್’ ಮಾಡಿದರೆ ಇನ್ನೂ ಕೆಟ್ಟದ್ದು: ತೆಳ್ಳಗಿನ ಅಸ್ಟೇರ್ ದಪ್ಪಗಾಗುತ್ತಾನೆ, ಕಾಲಿನ ಗೆರೆ ಮೊಟಕಾಗುತ್ತದೆ. ಎರಡನೆಯದು ಮೋಷನ್ ಸ್ಮೂದಿಂಗ್. ಸೆಕೆಂಡಿಗೆ 24 ಚೌಕಟ್ಟುಗಳ ನಡುವೆ ಟಿವಿ ತನ್ನ ಊಹೆಯ ಚೌಕಟ್ಟುಗಳನ್ನು ತುರುಕುತ್ತದೆ. ವೇಗವಾಗಿ ಆಡುವ ಪಾದಗಳ ಸುತ್ತ ಅದು ಮಸುಕು ಮಸುಕಾಗಿ ಒಡೆಯುತ್ತದೆ. ಪೂರ್ತಿ ಆರಿಸಿಬಿಡಿ. ಮೂರನೆಯದು ಹಳೆಯ ಡಿವಿಡಿಗಳಿಗೆ ಸಂಬಂಧಿಸಿದ್ದು. ಪಾಲ್ ಎಂಬ ಟಿವಿ ಪದ್ಧತಿಯ ಡಿಸ್ಕುಗಳು ಚಿತ್ರವನ್ನು ಸೆಕೆಂಡಿಗೆ 25 ಚೌಕಟ್ಟಿನಂತೆ ಓಡಿಸುವುದರಿಂದ ಎಲ್ಲವೂ 4% ವೇಗವಾಗುತ್ತದೆ. 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ನಿಧಾನಗತಿಯ ಕುಣಿತದಲ್ಲಿ ಇದು ಚೆನ್ನಾಗಿಯೇ ತಿಳಿಯುತ್ತದೆ. ಬ್ಲೂ-ರೇ ಪ್ರತಿಗಳು ಸಾಮಾನ್ಯವಾಗಿ ಮೂಲದ 24ರಲ್ಲೇ ಇರುತ್ತವೆ.

ಶುರುಮಾಡಲು ಹೆಚ್ಚಿನವರು ಹೇಳುವುದು ‘ಟಾಪ್ ಹ್ಯಾಟ್’. ನನ್ನ ಆಯ್ಕೆ ‘ಸ್ವಿಂಗ್ ಟೈಮ್’ (1936). ನಿರ್ದೇಶಕ ಜಾರ್ಜ್ ಸ್ಟೀವನ್ಸ್, ಸಂಗೀತ ಜೆರೋಮ್ ಕರ್ನ್, ಸಾಹಿತ್ಯ ಡೊರೊಥಿ ಫೀಲ್ಡ್ಸ್. ಮೊದಲ ನೃತ್ಯ ಬರುವುದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ, ತಾಳ್ಮೆ ಬೇಕು. ಬಂದ ಮೇಲೆ ಚಿತ್ರದ ಮೂರು ಜೋಡಿ ನೃತ್ಯಗಳು ಒಂದು ಪ್ರೇಮದ ಮೂರು ಘಟ್ಟಗಳಾಗಿ ನಿಲ್ಲುತ್ತವೆ. ‘ಪಿಕ್ ಯುವರ್‌ಸೆಲ್ಫ್ ಅಪ್’ನಲ್ಲಿ ಆತ ಕುಣಿಯಲು ಬಾರದವನಂತೆ ನಟಿಸುತ್ತ ನೃತ್ಯಶಾಲೆಗೆ ಬರುತ್ತಾನೆ. ಆತನಿಂದಾಗಿ ಅಲ್ಲಿ ಕಲಿಸುವ ಆಕೆಯ ಕೆಲಸ ಹೋಗುತ್ತದೆ. ಆಕೆ ಎಷ್ಟು ಚೆನ್ನಾಗಿ ಕಲಿಸಿದ್ದಾಳೆ ನೋಡಿ ಎಂದು ಮಾಲೀಕನಿಗೆ ತೋರಿಸಲು ಆತ ಅಲ್ಲೇ ಕುಣಿಯತೊಡಗುತ್ತಾನೆ. ಇಲ್ಲಿ ರಾಜರ್ಸ್‌ಳ ಮುಖ ನೋಡಿ. ಅಚ್ಚರಿ, ಅನುಮಾನ, ಆಮೇಲೆ ಉಲ್ಲಾಸ, ಎಲ್ಲವೂ ಹೆಜ್ಜೆಯ ಜೊತೆಗೇ ಬದಲಾಗುತ್ತವೆ. ಆಕೆಗಿಂತ ಪಳಗಿದ ನರ್ತಕಿಯರು ಅಸ್ಟೇರ್‌ಗೆ ಮುಂದೆ ಸಿಕ್ಕರು, ಆದರೆ ಕುಣಿತದೊಳಗೆ ನಟನೆಯನ್ನು ಹೀಗೆ ಬೆರೆಸಿದವರು ಸಿಗಲಿಲ್ಲ.

ಎರಡನೆಯದು ‘ವಾಲ್ಟ್ಸ್ ಇನ್ ಸ್ವಿಂಗ್ ಟೈಮ್’. ಹಾಡಿಲ್ಲ, ಮಾತಿಲ್ಲ, ಬಿಡುವಿಲ್ಲದ ವೇಗ. ಮೂರನೆಯದು ‘ನೆವರ್ ಗೊನ್ನ ಡಾನ್ಸ್’, ಇಬ್ಬರೂ ಅಗಲುವ ಹೊತ್ತು. ಖಾಲಿ ಕ್ಲಬ್ಬಿನಲ್ಲಿ ಮೊದಲು ಬರೀ ನಡೆಯುತ್ತಾರೆ. ಆ ನಡಿಗೆ ಯಾವ ಕ್ಷಣದಲ್ಲಿ ನೃತ್ಯವಾಯಿತೆಂದು ಹಿಂದಕ್ಕೆ ಓಡಿಸಿ ಹುಡುಕಿ, ಗೆರೆ ಎಳೆಯುವುದು ಸುಲಭವಲ್ಲ. ಚಿತ್ರದಲ್ಲಿ ಹಿಂದೆ ಬಂದ ರಾಗಗಳು ಒಂದೊಂದಾಗಿ ಮರಳುತ್ತವೆ, ಹಳೆಯ ಹೆಜ್ಜೆಗಳೂ ಮರಳುತ್ತವೆ. ಕೊನೆಗೆ ಇಬ್ಬರೂ ಎರಡು ಬದಿಯ ಬಾಗುಮೆಟ್ಟಿಲುಗಳನ್ನು ಹತ್ತಿ ಮೇಲಿನ ಹಂತಕ್ಕೆ ಬರುತ್ತಾರೆ. ಅಲ್ಲಿ ರಾಜರ್ಸ್ ಸುತ್ತು ಸುತ್ತಾಗಿ ತಿರುಗಿ ಹೊರಟುಹೋಗುತ್ತಾಳೆ. ಇದಕ್ಕೆ 47 ಟೇಕ್ ಆದವು, ಆಕೆಯ ಪಾದಗಳಿಂದ ರಕ್ತ ಬಂತು. ಪರದೆಯ ಮೇಲೆ ಅದರ ಸುಳಿವೂ ಇಲ್ಲ.

ಇದೇ ಚಿತ್ರದ ‘ಬೋಜ್ಯಾಂಗಲ್ಸ್ ಆಫ್ ಹಾರ್ಲೆಮ್’ ನೋಡಲು ಕಷ್ಟವಾಗುವ ದೃಶ್ಯ. ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದಾನೆ. ‘ಬೋಜ್ಯಾಂಗಲ್ಸ್’ ಎಂದೇ ಹೆಸರಾಗಿದ್ದ ಕಪ್ಪು ನರ್ತಕ ಬಿಲ್ ರಾಬಿನ್ಸನ್‌ಗೆ ಗೌರವ ಸಲ್ಲಿಸುವ ಉದ್ದೇಶ ಇದ್ದರೂ, ಕಪ್ಪು ಜನರನ್ನು ಅಣಕಿಸುತ್ತ ಬೆಳೆದ ವೇಷ ಅದು. ಉದ್ದೇಶ ಒಳ್ಳೆಯದೆಂದು ಅದರ ನೋವು ಕಡಿಮೆಯಾಗುವುದಿಲ್ಲ. ತಂತ್ರದ ದೃಷ್ಟಿಯಿಂದ ಮಾತ್ರ ಇದು ಮುಖ್ಯ. ಹಿಂದಿನ ಗೋಡೆಯ ಮೇಲೆ ಆತನ ಮೂರು ದೈತ್ಯ ನೆರಳುಗಳು ಆತನೊಡನೆ ಕುಣಿಯುತ್ತವೆ. ಒಂದು ಹಂತದಲ್ಲಿ ಹಿಂದೆ ಬಿದ್ದು, ಸೋತು ಹೊರಟೇ ಹೋಗುತ್ತವೆ. ಪ್ರಖರವಾದ ಒಂದು ದೀಪದ ಮುಂದೆ ಆತನನ್ನು ಕುಣಿಸಿ ಬಿಳಿ ಪರದೆಯ ಮೇಲೆ ಬಿದ್ದ ನೆರಳನ್ನು ಬೇರೆಯಾಗಿ ಸೆರೆಹಿಡಿದು, ಅದನ್ನು ಪ್ರಯೋಗಾಲಯದಲ್ಲಿ ಮೂರು ಮಾಡಿ, ಮುನ್ನೆಲೆಯ ಕುಣಿತದೊಂದಿಗೆ ಬೆಸೆದರು. ಕಂಪ್ಯೂಟರ್ ಇಲ್ಲದ ಕಾಲ. ನೆರಳಿಗೂ ಮನುಷ್ಯನಿಗೂ ತಾಳ ಕೂಡಿದ್ದು ಬರೀ ಆತನ ಕರಾರುವಾಕ್ಕು ಹೆಜ್ಜೆಗಳಿಂದ.

‘ಟಾಪ್ ಹ್ಯಾಟ್’ (1935) ಎರಡನೆಯದಾಗಿ ನೋಡಿ. ಸಂಗೀತ, ಸಾಹಿತ್ಯ ಎರಡೂ ಅರ್ವಿಂಗ್ ಬರ್ಲಿನ್‌ನವು. ‘ಚೀಕ್ ಟು ಚೀಕ್’ ಎಲ್ಲರಿಗೂ ಗೊತ್ತು. ರಾಜರ್ಸ್ ತೊಟ್ಟ ಉಷ್ಟ್ರಪಕ್ಷಿಯ ಗರಿಗಳ ಉಡುಗೆ ಅಭ್ಯಾಸದ ಹೊತ್ತಿಗೆ ಗರಿ ಉದುರಿಸಿ ಅಸ್ಟೇರ್‌ನ ಕಣ್ಣು, ಮೂಗು, ಕೋಟು ಎಲ್ಲಕ್ಕೂ ಅಂಟಿತ್ತು. ಗರಿಗಳನ್ನು ಮತ್ತೆ ಬಿಗಿಯಾಗಿ ಹೊಲಿದರು. ಆದರೂ ಚಿತ್ರದಲ್ಲಿ ಅಲ್ಲಲ್ಲಿ ಗರಿ ಉದುರುವುದು ಕಣ್ಣಿಗೆ ಬೀಳುತ್ತದೆ. ಆತ ಆಮೇಲೆ ಆಕೆಗೆ ಚಿನ್ನದ ಪುಟ್ಟ ಗರಿಯೊಂದನ್ನು ಉಡುಗೊರೆ ಕೊಟ್ಟ. ನನಗೆ ಇದಕ್ಕಿಂತ ಹೆಚ್ಚು ಪ್ರಿಯವಾದದ್ದು ‘ನೋ ಸ್ಟ್ರಿಂಗ್ಸ್’. ನಡುರಾತ್ರಿ ಹೋಟೆಲಿನಲ್ಲಿ ಟ್ಯಾಪ್ ಮಾಡಿ ಕೆಳಗಿನ ಕೋಣೆಯ ಹುಡುಗಿಯ ನಿದ್ದೆ ಕೆಡಿಸುತ್ತಾನೆ. ಆಕೆ ಬಂದು ಬೈದು ಹೋದ ಮೇಲೆ ನೆಲಕ್ಕೆ ಮರಳು ಚೆಲ್ಲಿ, ಅದರ ಮೇಲೆ ಪಾದ ಎಳೆದು ಸರ್ರ್ ಸರ್ರ್ ಸದ್ದಿನಲ್ಲೇ ಆಕೆಯನ್ನು ಮಲಗಿಸುತ್ತಾನೆ. ಮೊದಲರ್ಧದ ಬಡಿತ ಮತ್ತು ಎರಡನೆಯ ಅರ್ಧದ ಉಜ್ಜುವಿಕೆ, ಇವೆರಡನ್ನು ಕಣ್ಣು ಮುಚ್ಚಿ ಹೋಲಿಸಿ ಕೇಳಬೇಕು.

‘ಫಾಲೋ ದ ಫ್ಲೀಟ್’ (1936) ಚಿತ್ರವಾಗಿ ದುರ್ಬಲ. ನಾವಿಕನ ವೇಷ ಆತನಿಗೆ ಒಗ್ಗುವುದಿಲ್ಲ. ಆದರೆ ಕೊನೆಯಲ್ಲಿ ಬರುವ ‘ಲೆಟ್ಸ್ ಫೇಸ್ ದ ಮ್ಯೂಸಿಕ್ ಅಂಡ್ ಡಾನ್ಸ್’ಗಾಗಿ ಇದನ್ನು ಬಿಡುವಂತಿಲ್ಲ. ಸುಮಾರು 2 ನಿಮಿಷ 50 ಸೆಕೆಂಡಿನ ನೃತ್ಯ, ಒಂದೇ ಒಂದು ಶಾಟ್. ಜೂಜಿನಲ್ಲಿ ಎಲ್ಲ ಕಳೆದುಕೊಂಡವನೊಬ್ಬ, ಸಾಯಲು ಹೊರಟ ಹೆಣ್ಣನ್ನು ತಡೆದು ನಿಲ್ಲಿಸುವ ಪುಟ್ಟ ನಾಟಕ. ರಾಜರ್ಸ್‌ಳ ಉಡುಗೆ ತುಂಬ ಮಣಿಗಳು, ತೋಳಂತೂ ಭಾರ. ಮೊದಲ ಟೇಕಿನಲ್ಲೇ ಅದು ಬೀಸಿ ಅಸ್ಟೇರ್‌ನ ಮುಖಕ್ಕೆ ಬಡಿಯಿತು. ಆತ ನಿಲ್ಲಿಸದೆ ಕುಣಿದ. ಆಮೇಲೆ ಸುಮಾರು 20 ಟೇಕ್ ತೆಗೆದರು. ಎಲ್ಲ ನೋಡಿದ ಮೇಲೆ ಆಯ್ದದ್ದು ಆ ಮೊದಲನೆಯದನ್ನೇ. ಆರಂಭದ ಸುತ್ತುಗಳಲ್ಲಿ ತೋಳನ್ನೇ ಗಮನಿಸಿದರೆ ಏಟು ಬಿದ್ದ ಕ್ಷಣ ಸಿಗುತ್ತದೆ. ಆ ಭಾರ ನೃತ್ಯಕ್ಕೆ ಒಳ್ಳೆಯದನ್ನೂ ಮಾಡಿದೆ: ಆಕೆ ತಿರುಗಿ ನಿಂತ ಮೇಲೂ ಲಂಗ ಅರೆಕ್ಷಣ ತಿರುಗುತ್ತಲೇ ಇದ್ದು ಕಾಲಿಗೆ ಸುತ್ತಿಕೊಂಡು ನಿಲ್ಲುತ್ತದೆ.

ರಾಜರ್ಸ್ ಜೊತೆಗಿನ ಒಟ್ಟು 10 ಚಿತ್ರಗಳಲ್ಲಿ ಉಳಿದವನ್ನು ಬಿಡುವಾದಾಗ ನೋಡಬಹುದು. ‘ಶಲ್ ವಿ ಡಾನ್ಸ್’ (1937) ಗರ್ಶ್ವಿನ್ ಸೋದರರ ಹಾಡುಗಳಿಗಾಗಿ, ‘ಕೇರ್‌ಫ್ರೀ’ (1938) ಗಾಲ್ಫ್ ಚೆಂಡು ಹೊಡೆಯುತ್ತಲೇ ಕುಣಿಯುವ ಏಕಾಂಗಿ ನೃತ್ಯಕ್ಕಾಗಿ. ಬೇರೆ ಜೋಡಿಗಳ ಪೈಕಿ ‘ಬ್ರಾಡ್‌ವೇ ಮೆಲೊಡಿ ಆಫ್ 1940’ರಲ್ಲಿ ಎಲಿನಾರ್ ಪೊವೆಲ್ ಜೊತೆ ಕನ್ನಡಿಯಂಥ ನೆಲದ ಮೇಲಿನ ‘ಬಿಗಿನ್ ದ ಬಿಗೀನ್’ ಇದೆ. ವಾದ್ಯಗಳು ಸುಮ್ಮನಾಗಿ ನಾಲ್ಕು ಪಾದಗಳು ಮಾತ್ರ ಸವಾಲು ಜವಾಬು ನಡೆಸುವ ಕೆಲವು ಕ್ಷಣಗಳಿವೆಯಲ್ಲ, ಟ್ಯಾಪ್‌ನಲ್ಲಿ ಆತನಿಗೆ ಸರಿಸಮನಾದವಳು ಸಿಕ್ಕಿದ್ದು ಅಲ್ಲೇ.

ಅಸ್ಟೇರ್‌ನ ಕೈಗಳನ್ನೂ ಗಮನಿಸಿ. ಆತನ ಅಂಗೈ, ಬೆರಳುಗಳು ದೇಹಕ್ಕೆ ಹೋಲಿಸಿದರೆ ದೊಡ್ಡವು. ಅದು ಕಾಣದಿರಲೆಂದು ನಡುವಿನ ಎರಡು ಬೆರಳುಗಳನ್ನು ಒಳಕ್ಕೆ ಮಡಿಸಿಕೊಳ್ಳುತ್ತಿದ್ದ. ಒಮ್ಮೆ ತಿಳಿದ ಮೇಲೆ ಪ್ರತಿ ಚಿತ್ರದಲ್ಲೂ ಕಾಣುತ್ತದೆ.

ಬಣ್ಣದ ಚಿತ್ರಗಳಿಗೆ ಬರೋಣ. ‘ರಾಯಲ್ ವೆಡಿಂಗ್’ (1951) ಗೋಡೆ, ಚಾವಣಿಯ ಮೇಲೆಲ್ಲ ಕುಣಿಯುವ ‘ಯು ಆರ್ ಆಲ್ ದ ವರ್ಲ್ಡ್ ಟು ಮಿ’ಗೆ ಪ್ರಸಿದ್ಧ. ನಿರ್ದೇಶಕ ಸ್ಟಾನ್ಲಿ ಡೋನೆನ್. ಇಡೀ ಕೋಣೆಯನ್ನು ತಿರುಗುವ ದೊಡ್ಡ ಉಕ್ಕಿನ ಚೌಕಟ್ಟಿನೊಳಗೆ ಕಟ್ಟಿದ್ದರು. ಕ್ಯಾಮೆರಾ ಮತ್ತು ಅದರ ಚಾಲಕನನ್ನೂ ಕೋಣೆಗೇ ಬಿಗಿದಿದ್ದರು. ಕೋಣೆ ತಿರುಗಿದಾಗ ಅವರೂ ತಿರುಗುತ್ತಾರೆ, ಹೀಗಾಗಿ ಚಿತ್ರದಲ್ಲಿ ಕೋಣೆ ಅಲುಗಾಡಿದಂತೆ ಕಾಣುವುದೇ ಇಲ್ಲ. ಅಸ್ಟೇರ್ ಮಾತ್ರ ಯಾವಾಗಲೂ ಭೂಮಿಗೆ ಹತ್ತಿರದ ಬದಿಯಲ್ಲಿದ್ದಾನೆ. ಇದನ್ನು ಕಣ್ಣಾರೆ ಕಾಣಬೇಕೆಂದರೆ ಮೊಬೈಲಿನಲ್ಲಿ ಆಟೊ-ರೊಟೇಟ್ ಆರಿಸಿ ದೃಶ್ಯ ಹಾಕಿ. ಆತ ಗೋಡೆಗೆ ಹೆಜ್ಜೆ ಇಡುತ್ತಿದ್ದಂತೆ ಆ ಗೋಡೆ ಕೆಳಗೆ ಬರುವ ಹಾಗೆ ಮೊಬೈಲನ್ನೂ ತಿರುಗಿಸುತ್ತ ಹೋಗಿ. ಆತ ನೆಟ್ಟಗೆ ನಿಂತೇ ಇರುತ್ತಾನೆ, ಮೇಜು ಕುರ್ಚಿಗಳೇ ಆತನ ಸುತ್ತ ಗಿರಕಿ ಹೊಡೆಯುತ್ತವೆ. ಎಲ್ಲಿ ತಪ್ಪಬಹುದಿತ್ತು ಎಂಬುದೂ ಆಗಲೇ ತಿಳಿಯುತ್ತದೆ. ಗೋಡೆ ನೆಲವಾಗುವ ಮೂಲೆಯಲ್ಲಿ ಅರೆಕ್ಷಣ ಮೊದಲು ಹೆಜ್ಜೆ ಇಟ್ಟರೆ ಇನ್ನೂ ಏರು, ತಡವಾದರೆ ಆಗಲೇ ಇಳಿಜಾರು. ಆತನ ಮೈ ಎಲ್ಲೂ ಸಾವರಿಸಿಕೊಳ್ಳುವುದಿಲ್ಲ.

ಇಷ್ಟಾಗಿಯೂ ಈ ಚಿತ್ರದಲ್ಲಿ ನನ್ನ ಮೆಚ್ಚಿನದು ‘ಸಂಡೇ ಜಂಪ್ಸ್’. ಅಭ್ಯಾಸಕ್ಕೆ ಜೊತೆಗಾತಿ ಬರುವುದಿಲ್ಲ, ಆತ ಟೋಪಿ ತೂಗುಹಾಕುವ ಕಂಬವನ್ನೇ ಹಿಡಿದು ಕುಣಿಯುತ್ತಾನೆ. ಯಂತ್ರವಿಲ್ಲ, ಮೋಡಿಯಿಲ್ಲ. ಕಂಬವನ್ನು ವಾಲಿಸಿ, ಬಿಟ್ಟು, ಬೀಳುವ ಮುನ್ನ ಹಿಡಿಯುವ ಹದದಲ್ಲೇ ಅದಕ್ಕೆ ಜೀವ ಬರುತ್ತದೆ. ಪ್ರತಿ ಆಯ್ದುಕೊಳ್ಳುವಾಗ ಎಚ್ಚರ. ಈ ಚಿತ್ರದ ಹಕ್ಕುಸ್ವಾಮ್ಯ ಸಕಾಲದಲ್ಲಿ ನವೀಕರಣವಾಗದೆ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದೆ. ಅದಕ್ಕೇ ಉಚಿತವಾಗಿ ಎಲ್ಲೆಂದರಲ್ಲಿ ಸಿಗುತ್ತದೆ, ಬಹುಪಾಲು ಬಣ್ಣ ಮಾಸಿದ, ಮಬ್ಬಾದ ಪ್ರತಿಗಳು. ವಾರ್ನರ್ ಆರ್ಕೈವ್ ತಂದ ಬ್ಲೂ-ರೇ ಪಕ್ಕದಲ್ಲಿಟ್ಟರೆ ಅವು ಬೇರೆಯೇ ಚಿತ್ರದಂತಿವೆ.

‘ಈಸ್ಟರ್ ಪರೇಡ್’ (1948) ಅಸ್ಟೇರ್‌ಗೆ ಬಂದದ್ದು ಇನ್ನೊಬ್ಬ ನರ್ತಕ ನಟ ಜೀನ್ ಕೆಲ್ಲಿ ಕಾಲು ಮುರಿದುಕೊಂಡಿದ್ದರಿಂದ. ಅಸ್ಟೇರ್ ಆಗ ನಿವೃತ್ತಿ ಘೋಷಿಸಿ ಕೂತಿದ್ದ. ‘ಸ್ಟೆಪ್ಪಿನ್ ಔಟ್ ವಿತ್ ಮೈ ಬೇಬಿ’ಯಲ್ಲಿ ಒಂದು ಹಂತದಲ್ಲಿ ಮುಂದೆ ಅಸ್ಟೇರ್ ನಿಧಾನಗತಿಯಲ್ಲಿ ತೇಲುತ್ತಾನೆ, ಹಿಂದಿನ ತಂಡ ಸಹಜ ವೇಗದಲ್ಲಿ ಕುಣಿಯುತ್ತದೆ. ಎರಡನ್ನೂ ಬೇರೆಬೇರೆ ವೇಗದಲ್ಲಿ ತೆಗೆದು ಒಂದಾಗಿಸಿದ ಕೆಲಸ. ನಿಧಾನಗತಿ ನರ್ತಕರಿಗೆ ಶತ್ರು, ತೂಕ ತಪ್ಪಿದ ಪ್ರತಿ ಕ್ಷಣವನ್ನೂ ಅದು ಎತ್ತಿ ತೋರಿಸುತ್ತದೆ. ಇಲ್ಲಿ ಅಂಥದೊಂದನ್ನು ಹುಡುಕಿ ನೋಡಿ.

ಒಂದೇ ಒಂದು ಬಣ್ಣದ ಚಿತ್ರ ಇಟ್ಟುಕೊಳ್ಳಬಹುದು ಎಂದರೆ ನಾನು ‘ದ ಬ್ಯಾಂಡ್ ವ್ಯಾಗನ್’ (1953) ಇಟ್ಟುಕೊಳ್ಳುತ್ತೇನೆ. ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ. ವಯಸ್ಸಾದ, ಜನ ಮರೆತ ನರ್ತಕನ ಪಾತ್ರ, ಐವತ್ತು ದಾಟಿದ ಅಸ್ಟೇರ್ ಅದನ್ನು ಯಾವ ಸಂಕೋಚವಿಲ್ಲದೆ ಮಾಡಿದ. ‘ಎ ಶೈನ್ ಆನ್ ಯುವರ್ ಶೂಸ್’ನಲ್ಲಿ ಜೊತೆಗಿರುವ ಲಿರಾಯ್ ಡೇನಿಯಲ್ಸ್ ನಿಜಜೀವನದಲ್ಲೂ ಬೂಟ್ ಪಾಲಿಶ್ ಮಾಡುತ್ತಿದ್ದವನು. ಬ್ರಷ್ ಬಡಿಯುವ ಆತನ ತಾಳಕ್ಕೇ ಕುಣಿತ ಕೂತಿದೆ. ‘ಡಾನ್ಸಿಂಗ್ ಇನ್ ದ ಡಾರ್ಕ್’ನಲ್ಲಿ ಅಸ್ಟೇರ್ ಮತ್ತು ಸಿಡ್ ಚರೀಸ್ ರಾತ್ರಿ ಉದ್ಯಾನದಲ್ಲಿ ನಡೆಯುತ್ತಾರೆ. ಕುಣಿಯುತ್ತಿರುವ ಜನರ ನಡುವೆ ಹಾದು ಹೋಗುತ್ತಾರೆ, ಕುಣಿಯುವುದಿಲ್ಲ. ಆಕೆ ಬ್ಯಾಲೆಯವಳು, ಈತ ಹಳೆಯ ರಂಗದವನು, ಹೊಂದುತ್ತದೋ ಇಲ್ಲವೋ ಎಂಬ ಅಳುಕು ಇಬ್ಬರಿಗೂ. ಬಯಲಿಗೆ ಬಂದ ಮೇಲೆ ಒಬ್ಬರು ಒಂದು ಹೆಜ್ಜೆ ಹಾಕಿ ಸುಮ್ಮನಾಗುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರಿಸುತ್ತಾರೆ. ಹಾಡಿನ ಸಾಲುಗಳನ್ನು ಯಾರೂ ಹಾಡುವುದಿಲ್ಲ, ವಾದ್ಯಗಳಷ್ಟೇ. ನೃತ್ಯ ಸಂಯೋಜನೆ ಮೈಕೆಲ್ ಕಿಡ್‌ನದು. ಕೊನೆಯಲ್ಲಿ ಕುದುರೆ ಗಾಡಿಗೆ ಹತ್ತುವುದೂ ನೃತ್ಯದ ಹೆಜ್ಜೆಯೇ ಆಗಿದೆ, ಹತ್ತಿ ಕೂರುವವರೆಗೂ ತಾಳ ಬಿಡುವುದಿಲ್ಲ.

‘ಫನ್ನಿ ಫೇಸ್’ (1957) ಆಡ್ರಿ ಹೆಪ್‌ಬರ್ನ್‌ಗಾಗಿ, ಪ್ಯಾರಿಸ್‌ಗಾಗಿ, ಕತ್ತಲಕೋಣೆಯ ಕೆಂಪು ಬೆಳಕಿಗಾಗಿ ನೋಡುವ ಚಿತ್ರ. ಹುಲ್ಲುಗಾವಲಿನ ಜೋಡಿನೃತ್ಯದಲ್ಲಿ ನೆಲ ಮಳೆಗೆ ನೆನೆದು ಕೆಸರಾಗಿತ್ತು. ಪಾದಗಳು ಎಂದಿನಂತೆ ಜಾರದೆ ಅಲ್ಲಲ್ಲಿ ಎತ್ತಿ ಇಡುವಂತಿರುವುದು ಅದಕ್ಕೇ ಎನ್ನಿಸುತ್ತದೆ.

ಅಷ್ಟರಲ್ಲಿ ಪರದೆ ಅಗಲವಾಗತೊಡಗಿತ್ತು, ಅದು ಅಸ್ಟೇರ್‌ಗೆ ಅನುಕೂಲವಾಗಲಿಲ್ಲ. ನಿಂತ ಮನುಷ್ಯನ ಆಕಾರ ಎತ್ತರದ್ದು, ಸಿನಿಮಾಸ್ಕೋಪ್ ಚೌಕಟ್ಟಿನ ಆಕಾರ ಅಡ್ಡದ್ದು. ಪೂರ್ತಿ ದೇಹ ಕಾಣಿಸಲು ಹೋದರೆ ಎರಡೂ ಬದಿ ಬರಿದು, ನರ್ತಕರು ಪುಟ್ಟದಾಗುತ್ತಾರೆ. ಹತ್ತಿರ ಹೋದರೆ ಪಾದ ಹೋಗುತ್ತದೆ. ‘ಡ್ಯಾಡಿ ಲಾಂಗ್ ಲೆಗ್ಸ್’ (1955) ಮತ್ತು ‘ಸಿಲ್ಕ್ ಸ್ಟಾಕಿಂಗ್ಸ್’ (1957) ಇದರೊಂದಿಗೆ ಗುದ್ದಾಡುತ್ತವೆ. ಎರಡನೆಯದರಲ್ಲಿ ಚರೀಸ್ ಜೊತೆಗಿನ ನೃತ್ಯಗಳು ಗೆಲ್ಲುತ್ತವೆ, ಏಕೆಂದರೆ ಅವು ಅಡ್ಡಡ್ಡ ಹರಡಿಕೊಳ್ಳುವಂತೆ ಕಟ್ಟಿದವು. ‘ಫಿನಿಯನ್ಸ್ ರೇನ್‌ಬೋ’ದಲ್ಲಿ (1968, ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ) ಅನಾಹುತವೇ ಆಯಿತು. 35 ಮಿ.ಮೀ. ಚಿತ್ರವನ್ನು 70 ಮಿ.ಮೀ.ಗೆ ಹಿಗ್ಗಿಸುವಾಗ ಚೌಕಟ್ಟಿನ ಅಂಚು ಕತ್ತರಿಸಿ, ಕುಣಿಯುತ್ತಿರುವ ಅಸ್ಟೇರ್‌ನ ಪಾದಗಳೇ ಹೊರಗುಳಿದವು.

ಅದಕ್ಕೂ 10 ವರ್ಷ ಮೊದಲು ಆತ ಟಿವಿಗೆ ಬಂದಿದ್ದ. ‘ಆನ್ ಈವ್ನಿಂಗ್ ವಿತ್ ಫ್ರೆಡ್ ಅಸ್ಟೇರ್’ 1958ರ ಅಕ್ಟೋಬರ್ 17ರಂದು ಎನ್‌ಬಿಸಿಯಲ್ಲಿ ಪ್ರಸಾರವಾಯಿತು, ಒಂದು ಗಂಟೆಯ ಕಾರ್ಯಕ್ರಮ. ಟಿವಿಯ ಚೌಕಟ್ಟು ಹಳೆಯ ಸಿನಿಮಾದ ಚೌಕಟ್ಟಿಗೆ ಹತ್ತಿರದ್ದು, ಮತ್ತೆ ಅಡಿಯಿಂದ ಮುಡಿಯವರೆಗೆ ಕಾಣಬಹುದು. ಬಣ್ಣದ ವಿಡಿಯೊಟೇಪಿನಲ್ಲಿ ದಾಖಲಾಗಿದ್ದರಿಂದ ಅದು ಉಳಿಯಿತು, ಮೂಲ ಟೇಪನ್ನು 1988ರಲ್ಲಿ ಪುನಃಸ್ಥಾಪಿಸಿದರು. ಜೊತೆಗಾತಿ ಬ್ಯಾರಿ ಚೇಸ್, ಹೊಸ ಕಾಲದ ಜಾಜ್ ಮೈಮಾಟದವಳು. ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’ಗೆ ಇಬ್ಬರೂ ಹಾಕುವ ಹೆಜ್ಜೆಗಳನ್ನು ಮೊದಲು ನೋಡಿ. 59ರ ಅಸ್ಟೇರ್ ಅಲ್ಲಿ ಟ್ಯಾಪ್ ಬದಿಗಿಟ್ಟು, ಸೊಂಟ ಭುಜಗಳಿಂದ ಕುಣಿಯುತ್ತಾನೆ.